ದ್ವೀಪ ಸಣ್ಣದು, ಖಾನೆ ನಾಲ್ಕು: ಟೊಕೆಲಾವ್‌ನವರ ಜಾಗದಲ್ಲಿ ನೀವಿದ್ದರೆ ಯಾವುದಕ್ಕೆ ವೋಟು ಹಾಕ್ತೀರಿ?

ಬಾಗಲಕೋಟೆಯ ನವನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಸಂಜೆ ಹೊತ್ತು ಪಾಠ ಹೇಳುತ್ತೇನೆ. ಕಳೆದ ತಿಂಗಳು ವಿಶ್ವಸಂಸ್ಥೆಯ ಪಾಠ ನಡೆದಿತ್ತು. ಇನ್ನೂ ಪೂರ್ತಿ ಸ್ವಂತ ಆಡಳಿತ ಸಿಗದ ಪ್ರದೇಶಗಳು ಅಂತ ವಿಶ್ವಸಂಸ್ಥೆ ಒಂದು ಪಟ್ಟಿ ಇಟ್ಟುಕೊಂಡಿದೆ, ಅದರಲ್ಲಿ 17 ಹೆಸರುಗಳಿವೆ, 15 ದ್ವೀಪಗಳೇ, ಪೆಸಿಫಿಕ್ ಸಾಗರದ ಟೊಕೆಲಾವ್ ಕೂಡ ಅದರಲ್ಲಿದೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. 'ಸರ್, ನಾವು 1947ರಲ್ಲಿ ಬಿಡಿಸಿಕೊಂಡ್ವಿ. ಇವರಿಗೆ ವೋಟು ಹಾಕಿ ಅಂತ ಕೇಳಿದ್ರೂ ಬೇಡ ಅಂದ್ರಂತಲ್ಲ, ಯಾಕೆ?'

ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇದನ್ನು ಕೂತು ಬರೆದಿದ್ದೇನೆ. ಪರೀಕ್ಷೆಗೆ ಓದುವವರಿಗೂ ಆಗುತ್ತದೆ, ಚರ್ಚಾ ಸ್ಪರ್ಧೆಗೆ ಹೋಗುವವರಿಗೂ ಆಗುತ್ತದೆ. ಸುಮ್ನೆ ತಿಳಿದುಕೊಳ್ಳೋಣ ಅನ್ನುವವರಿಗೆ ಮೊದಲ ಸ್ವಾಗತ.

ಸ್ವಾತಂತ್ರ್ಯ ಬೇಡ ಅಂದವರನ್ನು ಧೈರ್ಯ ಇಲ್ಲದವರು ಅನ್ನೋದು ಸುಲಭ. ಬಾಗಲಕೋಟೆಯವರು ಹಾಗೆ ಅನ್ನಬಾರದು. ನಮ್ಮ ಮನೆಗಳಿಗೂ ಒಂದು ಕಾಲಕ್ಕೆ ಖಾನೆಗಳಿದ್ದ ಹಾಳೆ ಬಂದಿತ್ತು. ಆಲಮಟ್ಟಿ ಹಿನ್ನೀರು ಹಳೇ ಊರಿಗೆ ಬರುತ್ತದೆ ಅಂತಾದಾಗ ನಮ್ಮ ಅಜ್ಜನ ಮನೆ ಮುಳುಗಡೆ ಗೆರೆಯ ಒಳಗೆ ಬಿತ್ತು. ಅವನ ಮುಂದೆ ಇಟ್ಟ ಹಾಳೆಯಲ್ಲಿ ಪರಿಹಾರ ಎಷ್ಟು, ಪ್ಲಾಟು ಎಲ್ಲಿ ಅಂತ ಇತ್ತು. ಅಜ್ಜ ಅದನ್ನು ಎರಡು ಸಲ ಹಿಂದೆ ಮುಂದೆ ತಿರುವಿದ. 'ಇಲ್ಲೇ ಇರ್ತೀನಿ ಅಂತ ಬರಿಯೂ ಜಾಗ ಎಲ್ಲೈತಿ?' ಅಂತ ಕೇಳಿದ. ಅಂಥ ಜಾಗ ಇರಲಿಲ್ಲ. ಕೊನೆಗೆ ಹಳೇ ಮನೆಯ ಸಾಗವಾನಿ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ನವನಗರದ ಸೆಕ್ಟರ್ ಮನೆಗೆ ಕೂರಿಸಿದ. ಚೌಕಟ್ಟು ಗಿಡ್ಡ. ಇವತ್ತಿಗೂ ನಮ್ಮ ಮನೆಗೆ ಬರುವವರು ತಲೆ ಬಗ್ಗಿಸಿಯೇ ಬರಬೇಕು.

ದ್ವೀಪಗಳ ಆಯ್ಕೆಯನ್ನು ಹೋಲಿಸುವಾಗ ನಾನು ಅಜ್ಜನ ಆ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ. ಹಾಳೆಯಲ್ಲಿ ಯಾವ ಖಾನೆ ಇದೆ, ಯಾವುದು ಇಲ್ಲ? ಎರಡನೆಯ ಪ್ರಶ್ನೆ ಗೇಟಿನದು, ಅದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ 26 ಗೇಟು ಇಳಿಸಿದರೆ ಇಲ್ಲಿ ನೀರು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ದ್ವೀಪದ ಗೇಟು ಯಾರ ಕೈಯಲ್ಲಿದೆ? ಸ್ವತಂತ್ರ, ಸಹಯೋಗ, ವಿಲೀನ ಅನ್ನುವ ಹೆಸರಿಗಿಂತ ಈ ಎರಡು ಪ್ರಶ್ನೆಗಳೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿವೆ.

ಖಾನೆಗಳು ಯಾವುವು

1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1514ನೇ ನಿರ್ಣಯ ಮಾಡಿತು. ವಸಾಹತುಗಳ ಜನರಿಗೆ ತಮ್ಮ ದಾರಿ ತಾವೇ ಆರಿಸುವ ಹಕ್ಕಿದೆ ಅಂತ ಅದು ಹೇಳಿತು. ಮರುದಿನವೇ 1541ನೇ ನಿರ್ಣಯ ಬಂತು. ಅದರಲ್ಲಿ ಮೂರು ದಾರಿ ಬರೆದಿದ್ದಾರೆ. ಸ್ವತಂತ್ರ ದೇಶ ಆಗೋದು, ಇನ್ನೊಂದು ದೇಶದ ಜೊತೆ ಮುಕ್ತ ಸಹಯೋಗ, ಇನ್ನೊಂದು ದೇಶದಲ್ಲಿ ವಿಲೀನ. 1970ರ 2625ನೇ ನಿರ್ಣಯ 'ಜನ ಮುಕ್ತವಾಗಿ ಆರಿಸಿದ ಬೇರೆ ಯಾವುದೇ ಸ್ಥಾನ' ಅಂತ ಇನ್ನೊಂದು ಬಾಗಿಲು ತೆರೆಯಿತು. ಇದೆಲ್ಲದರ ಮೇಲೆ ಕಣ್ಣಿಡಲು 24ರ ಸಮಿತಿ ಅಂತ ಕರೆಯುವ ವಿಶೇಷ ಸಮಿತಿ ಇದೆ. ಪರೀಕ್ಷೆಗೆ ಇಷ್ಟು ಸಾಕು.

ನಮ್ಮ ಕಡೆಯ ಮಾತಿನಲ್ಲಿ ಹೇಳೋದಾದರೆ ಹೀಗೆ. ಸ್ವಾತಂತ್ರ್ಯ ಅಂದರೆ ಹಿಸೆ ಮಾಡಿಕೊಂಡು ಬೇರೆ ಆಗೋದು. ಮುಕ್ತ ಸಹಯೋಗ ಅಂದರೆ ಒಲೆ ಬೇರೆ, ಕಷ್ಟಕ್ಕೆ ದೊಡ್ಡ ಮನೆ ಜೊತೆ. ವಿಲೀನ ಅಂದರೆ ಒಂದೇ ಉತಾರದಲ್ಲಿ, ಅಂದರೆ ಜಮೀನಿನ ಒಂದೇ ಪಹಣಿಯಲ್ಲಿ, ಎಲ್ಲರ ಹೆಸರು. ಈಗ ಪಟ್ಟಿಯಲ್ಲಿರುವ ದ್ವೀಪಗಳ ಸ್ಥಿತಿ ನಾಲ್ಕನೆಯದು. ಹೊಲ ಉಳುವವರು ಇವರು, ಉತಾರದಲ್ಲಿ ಹೆಸರು ಬೇರೆಯವರದು.

ಹಿಸೆ ಆದವರು: ನೌರು, ತುವಾಲು

ನೌರು ದ್ವೀಪದ ಕಥೆಯನ್ನು ಮುಳುಗಡೆ ಊರಿನವರು ಒಮ್ಮೆ ಓದಲೇಬೇಕು. ಬರೀ 21 ಚದರ ಕಿಲೋಮೀಟರಿನ ದ್ವೀಪ. ಮಣ್ಣಿನಲ್ಲಿ ಫಾಸ್ಫೇಟ್ ಇತ್ತು, ಅಂದರೆ ಹೊಲಕ್ಕೆ ಹಾಕುವ ಗೊಬ್ಬರದ ಸರಕು. ಇಪ್ಪತ್ತನೇ ಶತಮಾನದ ಶುರುವಿನಿಂದ ಅದನ್ನು ಅಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಹೊಲಗಳಿಗೆ ಹಾಕಿದರು. ದ್ವೀಪದ ನಡುಭಾಗದಲ್ಲಿ ಮಣ್ಣು ಹೋಗಿ ಸುಣ್ಣಕಲ್ಲಿನ ಮೊನಚು ಕಂಬಗಳು ಮಾತ್ರ ಉಳಿದವು. ಬೆಳೆ ಬೆಳೆಯೋಕೆ ಆಗಲ್ಲ, ಮನೆ ಕಟ್ಟೋಕೂ ಆಗಲ್ಲ.

ಆಗ ದ್ವೀಪದ ಆಡಳಿತ ನಡೆಸುತ್ತಿದ್ದ ಆಸ್ಟ್ರೇಲಿಯಾ ಒಂದು ಪುನರ್ವಸತಿ ಯೋಜನೆ ಮುಂದಿಟ್ಟಿತು. ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಎಲ್ಲ ನೌರು ಜನರೂ ಹೋಗಿ ನೆಲೆಸಬಹುದು, ಆಸ್ಟ್ರೇಲಿಯಾದ ಪೌರತ್ವ ಸಿಗುತ್ತದೆ, ಮನೆಗಳೂ ಸಿಗುತ್ತವೆ. ನೌರು ಜನರ ಮುಖಂಡ ಹ್ಯಾಮರ್ ಡಿರೋಬರ್ಟ್ ಮತ್ತು ಅವರ ಜೊತೆಗಾರರು ಕೇಳಿದ್ದು ಒಂದೇ. ಅಲ್ಲಿ ನಾವು ನೌರು ಜನವಾಗಿ, ನಮ್ಮ ಆಡಳಿತ ನಾವೇ ಮಾಡಿಕೊಂಡು ಇರಬಹುದಾ? ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 1964ರಲ್ಲಿ ಅವರು ಬೇಡ ಅಂದರು. ಅಗೆದು ಹಾಳಾದ ನೆಲದಲ್ಲೇ ಇರ್ತೀವಿ ಅಂದರು. 1968ರ ಜನವರಿ 31ರಂದು ನೌರು ಸ್ವತಂತ್ರವಾಯಿತು.

ನಮ್ಮ ಅಜ್ಜನ ಹಾಳೆಯಲ್ಲಿ ಇಲ್ಲದ ಖಾನೆಯನ್ನು ಇವರು ಪೆನ್ನು ಹಿಡಿದು ತಾವೇ ಬರೆದರಲ್ಲ ಅಂತ ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಆದರೆ ಮಾರ್ಗದರ್ಶಿ ಅಂದ ಮೇಲೆ ಮುಂದಿನದ್ದನ್ನೂ ಹೇಳಬೇಕು. ಸ್ವತಂತ್ರ ದೇಶ ಆಗಿದ್ದರಿಂದಲೇ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಲು ಆಯಿತು. 1993ರಲ್ಲಿ ರಾಜಿಯಾಗಿ 107 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ಬಂತು. ವಸಾಹತಾಗಿ ಉಳಿದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತೋಕೇ ಆಗ್ತಿರಲಿಲ್ಲ. ಆಮೇಲೆ ಫಾಸ್ಫೇಟ್ ಮುಗಿಯುತ್ತಾ ಬಂತು, ಕೂಡಿಟ್ಟ ಹಣ ಕೆಟ್ಟ ಹೂಡಿಕೆಗಳಲ್ಲಿ ಕರಗಿತು. 2001ರಲ್ಲಿ ಆಸ್ಟ್ರೇಲಿಯಾ ತನ್ನ ತೀರಕ್ಕೆ ಬರುವ ಆಶ್ರಯಾರ್ಥಿಗಳನ್ನು ಇರಿಸಲು ನೌರುವಿನಲ್ಲಿ ಜಾಗ ಕೇಳಿತು, ಹಣಕ್ಕಾಗಿ ನೌರು ಕೊಟ್ಟಿತು. ಗೇಟು ಕೈಗೆ ಬಂದಿತ್ತು. ಹಿಂದೆ ಸಂಗ್ರಹವಾದ ನೀರು ಮಾತ್ರ ಇರಲಿಲ್ಲ.

ತುವಾಲು 1978ರ ಅಕ್ಟೋಬರ್ 1ರಂದು ಸ್ವತಂತ್ರವಾಯಿತು. 26 ಚದರ ಕಿಲೋಮೀಟರ್, ಇವತ್ತು ಸುಮಾರು 11 ಸಾವಿರ ಜನ. ಅದಕ್ಕೂ ಮೊದಲು ಗಿಲ್ಬರ್ಟ್ ದ್ವೀಪಗಳ ಜೊತೆ ಒಂದೇ ವಸಾಹತಾಗಿತ್ತು. 1974ರ ವೋಟಿನಲ್ಲಿ ಜನ ಬೇರೆ ಆಗ್ತೀವಿ ಅಂದರು. ಹಿಸೆಯಲ್ಲಿ ಅವರ ಪಾಲಿಗೆ ಬಂದದ್ದು ಒಂದು ಹಡಗು. ಆ ವಸಾಹತಿನ ಫಾಸ್ಫೇಟ್ ಹಣದಲ್ಲಿ ಪಾಲಿಲ್ಲ. ಆದರೂ ಬೇರೆಯಾದರು, ಇಂದಿಗೂ ನಿಂತಿದ್ದಾರೆ. ಸ್ವತಂತ್ರ ಆದದ್ದರಿಂದ ಸುತ್ತಲಿನ 200 ನಾಟಿಕಲ್ ಮೈಲಿ ಸಮುದ್ರ ಅವರದು. ಅಲ್ಲಿ ಟ್ಯೂನಾ ಮೀನು ಹಿಡಿಯುವ ಹೊರಗಿನ ಹಡಗುಗಳು ಇವರಿಗೆ ದುಡ್ಡು ಕಟ್ಟಬೇಕು. ವಿಶ್ವಸಂಸ್ಥೆಯಲ್ಲಿ ಕುರ್ಚಿ ಇದೆ. ಸಮುದ್ರ ಏರುತ್ತಿದೆ ಅಂತ ಅಲ್ಲಿ ನಿಂತು ಹೇಳಬಹುದು.

ಸಮುದ್ರ ಏರುವ ಭಯಕ್ಕೇ 2023ರಲ್ಲಿ ತುವಾಲು ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 280 ತುವಾಲು ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. ಬದಲಿಗೆ ತುವಾಲು ಬೇರೆ ದೇಶದ ಜೊತೆ ರಕ್ಷಣಾ ಒಪ್ಪಂದ ಮಾಡುವ ಮೊದಲು ಆಸ್ಟ್ರೇಲಿಯಾದ ಒಪ್ಪಿಗೆ ಬೇಕು. ಅಂದರೆ ಹಿಸೆಯಾಗಿ 45 ವರ್ಷದ ಮೇಲೆ ಒಂದು ಗೇಟಿನ ಕೀಲಿಯಲ್ಲಿ ಪಾಲು ಕೊಟ್ಟರು. ಇದನ್ನು ಸೋಲು ಅನ್ನಲಾರೆ. ಅವರೇ ಕೂತು ಮಾತಾಡಿ ಕೊಟ್ಟದ್ದು.

ಒಲೆ ಬೇರೆ, ದೊಡ್ಡ ಮನೆ ಜೊತೆ: ಕುಕ್ ದ್ವೀಪಗಳು, ನಿಯೂಯೆ, ಟೊಕೆಲಾವ್

ಇದು ನನಗೆ ಅತಿ ಹೆಚ್ಚು ಹಿಡಿಸಿದ ಖಾನೆ. ಹಾಗಂತ ಕಣ್ಣು ಮುಚ್ಚಿ ಹೊಗಳಲ್ಲ.

ಕುಕ್ ದ್ವೀಪಗಳು 1965ರ ಆಗಸ್ಟ್ 4ರಂದು ನ್ಯೂಜಿಲೆಂಡ್ ಜೊತೆ ಮುಕ್ತ ಸಹಯೋಗಕ್ಕೆ ಬಂದವು. ಒಟ್ಟು 15 ದ್ವೀಪ, ಸುಮಾರು 15 ಸಾವಿರ ಜನ. ತಮ್ಮ ಸಂಸತ್ತು, ತಮ್ಮ ಕಾನೂನು, ಆದರೆ ಕೈಯಲ್ಲಿ ನ್ಯೂಜಿಲೆಂಡ್ ಪಾಸ್‌ಪೋರ್ಟ್. ಆಕ್ಲೆಂಡ್‌ಗೆ ಹೋಗಿ ಕೆಲಸ ಮಾಡೋಕೆ ವೀಸಾ ಬೇಡ. ನಮ್ಮ ಕಡೆಯಿಂದ ದುಡಿಯೋಕೆ ಗೋವಾಕ್ಕೋ ಪುಣೆಗೋ ಹೋಗಿ ಬರುವಷ್ಟೇ ಸಲೀಸು, ಕಾಗದದ ಮಟ್ಟಿಗೆ. 1541ನೇ ನಿರ್ಣಯದಲ್ಲೇ ಒಂದು ಮುಖ್ಯ ಮಾತಿದೆ. ಸಹಯೋಗಕ್ಕೆ ಬಂದ ಜನ ನಾಳೆ ಮನಸ್ಸು ಬದಲಿಸಿದರೆ ತಮ್ಮ ಸ್ಥಾನವನ್ನು ಬದಲಿಸಿಕೊಳ್ಳುವ ಹಕ್ಕು ಉಳಿದಿರುತ್ತದೆ. ವಾಪಸ್ ಬರುವ ಬಾಗಿಲು ಬರಹದಲ್ಲೇ ಇದೆ. ಬೇರೆ ಯಾವ ಖಾನೆಯಲ್ಲೂ ಇಷ್ಟು ಸ್ಪಷ್ಟವಾಗಿ ಇಲ್ಲ.

ಬೆಲೆ ಏನು? 2025ರಲ್ಲಿ ನೋಡಿದೆವು. ಕುಕ್ ದ್ವೀಪಗಳ ಪ್ರಧಾನಿ ಮಾರ್ಕ್ ಬ್ರೌನ್ ಪ್ರತ್ಯೇಕ ಪಾಸ್‌ಪೋರ್ಟ್ ತರುವ ಮಾತಾಡಿದರು. ಹಾಗಾದರೆ ನ್ಯೂಜಿಲೆಂಡ್ ಪೌರತ್ವದ ನಂಟು ಉಳಿಯಲ್ಲ ಅಂತ ಅಲ್ಲಿಂದ ಮಾತು ಬಂತು, ಇವರು ಕೈಬಿಟ್ಟರು. ಆ ವರ್ಷದ ಫೆಬ್ರವರಿಯಲ್ಲೇ ಚೀನಾ ಜೊತೆ ಒಪ್ಪಂದ ಮಾಡಿಕೊಂಡರು. ನಮ್ಮನ್ನು ಸರಿಯಾಗಿ ಕೇಳಲಿಲ್ಲ ಅಂತ ನ್ಯೂಜಿಲೆಂಡ್ 18.2 ಮಿಲಿಯನ್ ಡಾಲರ್ ನೆರವು ತಡೆಹಿಡಿಯಿತು. ಒಲೆ ಬೇರೆ ಅಂದಮೇಲೂ ಕಟ್ಟಿಗೆ ದೊಡ್ಡ ಮನೆಯಿಂದ ಬರುತ್ತಿದ್ದರೆ ಇಂಥ ದಿನ ಬರುತ್ತದೆ.

ನಿಯೂಯೆ 1974ರಲ್ಲಿ ಇದೇ ದಾರಿ ಹಿಡಿಯಿತು. ಜನಮತದಲ್ಲಿ 65 ಪ್ರತಿಶತದಷ್ಟು ಜನ ಹೌದು ಅಂದರು, ಕೆಲಸ ಆಯಿತು. ಇವತ್ತು ದ್ವೀಪದಲ್ಲಿ ಉಳಿದವರು ಎರಡು ಸಾವಿರಕ್ಕಿಂತ ಕಡಿಮೆ, ನ್ಯೂಜಿಲೆಂಡ್‌ನಲ್ಲಿರುವ ನಿಯೂಯೆ ಮೂಲದವರು ಹತ್ತಾರು ಸಾವಿರ. ತೆರೆದ ಬಾಗಿಲಿನಿಂದ ಜನ ಹೊರಗೂ ಹೋಗುತ್ತಾರೆ, ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಆ 65 ಅನ್ನುವ ಸಂಖ್ಯೆ ನೆನಪಿಡಿ. ಈಗ ಟೊಕೆಲಾವ್‌ಗೆ ಬನ್ನಿ.

ಅಟಾಫು, ನುಕುನೊನು, ಫಕಾಓಫೊ ಅಂತ ಮೂರು ಹವಳದ ದ್ವೀಪಗಳು. ಮೂರೂ ಸೇರಿ ಹತ್ತು ಹನ್ನೆರಡು ಚದರ ಕಿಲೋಮೀಟರ್, ಸುಮಾರು 1,500 ಜನ. ವಿಮಾನ ಇಳಿಯುವ ಜಾಗ ಇಲ್ಲ. ಸಮೋವಾದ ಆಪಿಯಾದಿಂದ ಹಡಗು ಹಿಡಿದರೆ ಒಂದು ದಿನಕ್ಕೂ ಜಾಸ್ತಿ ಬೇಕು. ಸರ್ಕಾರದ ಮುಖ್ಯಸ್ಥರ ಹುದ್ದೆ ವರ್ಷಕ್ಕೊಮ್ಮೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಸರದಿಯಂತೆ ಹೋಗುತ್ತದೆ, ಮೂರು ಮನೆಯವರು ಸರದಿಯಲ್ಲಿ ಜಾತ್ರೆ ನಡೆಸಿದ ಹಾಗೆ. 1926ರಿಂದ ಆಡಳಿತ ನ್ಯೂಜಿಲೆಂಡಿನದು. ವಿಶೇಷ ಏನಂದರೆ ಇಲ್ಲಿ ಆಳುವವರೇ 'ನೀವು ಮುಂದೆ ಹೋಗಿ' ಅನ್ನುತ್ತಿದ್ದರು.

2006ರ ಫೆಬ್ರವರಿಯಲ್ಲಿ ಮತಪೆಟ್ಟಿಗೆ ಹಡಗು ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಯಿತು. ಪ್ರಶ್ನೆ ಒಂದೇ. ನ್ಯೂಜಿಲೆಂಡ್ ಜೊತೆ ಮುಕ್ತ ಸಹಯೋಗ ಬೇಕಾ? ಇಷ್ಟು ದೊಡ್ಡ ತೀರ್ಮಾನಕ್ಕೆ ಮೂರರಲ್ಲಿ ಎರಡು ಪಾಲು ಒಪ್ಪಬೇಕು ಅಂತ ಟೊಕೆಲಾವ್‌ನ ಸಭೆಯೇ ಕಟ್ಟು ಹಾಕಿಕೊಂಡಿತ್ತು. 60 ಪ್ರತಿಶತ ಬಂತು. ಸಾಲಲಿಲ್ಲ. 2007ರ ಅಕ್ಟೋಬರ್‌ನಲ್ಲಿ ಮತ್ತೆ ಪೆಟ್ಟಿಗೆ ಹಡಗು ಹತ್ತಿತು. 446 ಜನ ಹೌದು ಅಂದರು. 64.4 ಪ್ರತಿಶತ. ಇನ್ನು 16 ವೋಟು ಬೇಕಿತ್ತು.

ಹದಿನಾರು! ನಮ್ಮ ಓಣಿಯ ಒಂದು ಸಾಲಿನ ಮನೆಗಳಲ್ಲಿ ಅಷ್ಟು ಮತದಾರರಿರುತ್ತಾರೆ. ನಿಯೂಯೆಗೆ ಹೆಚ್ಚೂ ಕಡಿಮೆ ಇಷ್ಟೇ ಪ್ರತಿಶತದಲ್ಲಿ ಕೆಲಸ ಆಗಿತ್ತು, ಟೊಕೆಲಾವ್‌ಗೆ ಆಗಲಿಲ್ಲ. ಜನ ಬೇರೆ ಅಂತಲ್ಲ, ಕಟ್ಟು ಬೇರೆ. ಆದರೂ ಆ ಕಟ್ಟನ್ನು ನಾನು ದೂರಲಾರೆ. ಮೂರು ದ್ವೀಪದ ಜನ ದಿನಾ ಮುಖ ನೋಡಿಕೊಂಡು ಬದುಕಬೇಕು. ಅರ್ಧ ಊರು ಮುನಿಸಿಕೊಂಡು ಕೂತರೆ ಮೀನು ಹಂಚೋದು ಹೇಗೆ?

ಬೇಡ ಅಂದವರ ಮನಸ್ಸಲ್ಲಿ ಏನಿತ್ತು? ಪಾಸ್‌ಪೋರ್ಟ್ ಉಳಿಯುತ್ತಾ, ಹಡಗು ಬರುತ್ತಾ, ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರಾ ಅನ್ನುವ ಭಯ ಮುಖ್ಯ. ಉಳಿಯುತ್ತದೆ ಅಂತ ಕರಡು ಒಪ್ಪಂದ ಹೇಳುತ್ತಿತ್ತು. ಆದರೆ ಕರಡು ಕಾಗದ ಬೇರೆ, ನಂಬಿಕೆ ಬೇರೆ. ಪರಿಹಾರದ ಕಾಗದ ನೋಡಿದ ಯಾವ ಮುಳುಗಡೆ ಮನೆಯವರನ್ನಾದರೂ ಕೇಳಿ. ಇನ್ನೊಂದು ವಿಷಯ, ದ್ವೀಪದಲ್ಲಿ ಇರುವವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಟೊಕೆಲಾವ್ ಜನ ನ್ಯೂಜಿಲೆಂಡ್‌ನಲ್ಲಿದ್ದಾರೆ. ಅವರಿಗೆ ವೋಟು ಇರಲಿಲ್ಲ. ಮಕ್ಕಳು ಎಲ್ಲ ಅಲ್ಲಿ, ಕಾಗದಕ್ಕೆ ಒತ್ತುವ ಹೆಬ್ಬೆಟ್ಟು ಮಾತ್ರ ಇಲ್ಲಿ.

ತರಗತಿಯಲ್ಲಿ ಏನೂ ಹೇಳದೆ ಮೊದಲು ವೋಟು ಹಾಕಿಸಿದ್ದೆ. 31 ಜನರಲ್ಲಿ 24 ಜನ ಪೂರ್ತಿ ಸ್ವಾತಂತ್ರ್ಯ ಅಂದರು. ಹಡಗು, ಪಾಸ್‌ಪೋರ್ಟ್, ಆಸ್ಪತ್ರೆ ಎಲ್ಲ ಹೇಳಿದ ಮೇಲೆ ಮತ್ತೆ ಹಾಕಿಸಿದೆ. ಸ್ವಾತಂತ್ರ್ಯಕ್ಕೆ 9, ಸಹಯೋಗಕ್ಕೆ 17, ಉಳಿದ 5 ಇದ್ದ ಹಾಗೇ ಇರಲಿ ಅಂತ. ಮೊದಲು ಕೈ ಎತ್ತಿದ್ದ ಹುಡುಗಿ ಎರಡೂ ಸಲ ಸ್ವಾತಂತ್ರ್ಯಕ್ಕೇ ಹಾಕಿದಳು. ಅವಳ ಕಾರಣ ಸಮುದ್ರ. 'ಮೀನಿನ ದುಡ್ಡು ಎಣಿಸೋಕೆ ಬರುವವರಿಗೆ ಹಡಗು ಕೊಳ್ಳೋಕೂ ಬರ್ತದೆ ಸರ್' ಅಂದಳು. ಆ ವಾದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಅಮೆರಿಕದ ಜೊತೆಗಿನ ಸಹಯೋಗ ಸ್ವಲ್ಪ ಬೇರೆ ಥರ. ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೋನೇಷ್ಯಾ 1986ರಿಂದ, ಪಲಾವ್ 1994ರಿಂದ ಈ ಒಪ್ಪಂದದಲ್ಲಿವೆ. ಮೂರೂ ವಿಶ್ವಸಂಸ್ಥೆಯ ಸದಸ್ಯ ದೇಶಗಳು. ಅಮೆರಿಕದಲ್ಲಿ ವೀಸಾ ಇಲ್ಲದೆ ಇದ್ದು ದುಡಿಯಬಹುದು, ಆದರೆ ಪೌರತ್ವ ಇಲ್ಲ. ರಕ್ಷಣೆಯ ಗೇಟು ಪೂರ್ತಿ ಅಮೆರಿಕದ ಕೈಯಲ್ಲಿ. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆ ನಡೆಸಿದವರ ಕೈಯಲ್ಲೇ ಅದನ್ನು ಇಡಬೇಕಾಯಿತು ಅನ್ನೋದು ನನಗೆ ಅರಗದ ಮಾತು.

ಒಂದೇ ಉತಾರ: ಕೋಕೋಸ್, ಮಯೋಟ್, ಹವಾಯಿ

ನಮ್ಮ ಜಿಲ್ಲೆಗೆ ವಿಲೀನ ಹೊಸ ಪದ ಅಲ್ಲ. ಜಮಖಂಡಿ, ಮುಧೋಳ ಎರಡೂ ಸಂಸ್ಥಾನಗಳಾಗಿದ್ದವು. 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದವು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಜನರಿಗೂ ಅದೇ ಬೇಕಿತ್ತು. ಆದರೆ ಸಹಿ ಹಾಕಿದವರು ಅರಸರು, ಮತಪೆಟ್ಟಿಗೆ ಬರಲಿಲ್ಲ.

ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಮತಪೆಟ್ಟಿಗೆ ಬಂತು. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಹಾಳೆ ಇನ್ನೊಂದಿಲ್ಲ. ಅಲ್ಲಿನ ಮಲಯ್ ಮೂಲದ ಜನ ತಲೆಮಾರುಗಳಿಂದ ತೆಂಗಿನ ತೋಟದ ಕೂಲಿಗಳು. 1886ರಲ್ಲಿ ರಾಣಿ ವಿಕ್ಟೋರಿಯಾ ಇಡೀ ದ್ವೀಪವನ್ನು ಕ್ಲೂನಿಸ್-ರಾಸ್ ಅನ್ನುವ ಒಂದೇ ಮನೆತನಕ್ಕೆ ಬರೆದುಕೊಟ್ಟಿದ್ದಳು. ಕೂಲಿಯನ್ನು ಬಿಲ್ಲೆಗಳಲ್ಲಿ ಕೊಡುತ್ತಿದ್ದರು. ಬಿಲ್ಲೆಯ ಹೆಸರು ರೂಪಾಯಿ! ಆದರೆ ಆ ರೂಪಾಯಿ ಧಣಿಯ ಅಂಗಡಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ನಡೆಯುತ್ತಿರಲಿಲ್ಲ. ಒಂದು ನಿಮಿಷ ಯೋಚನೆ ಮಾಡಿ. ದುಡಿದ ಹಣ ಜೇಬಲ್ಲಿದೆ, ಅದನ್ನು ಹಿಡಿದುಕೊಂಡು ದ್ವೀಪ ಬಿಟ್ಟು ಹೋಗೋಕೆ ಆಗಲ್ಲ.

1978ರಲ್ಲಿ ಆಸ್ಟ್ರೇಲಿಯಾ 6.25 ಮಿಲಿಯನ್ ಡಾಲರ್ ಕೊಟ್ಟು ಆ ಮನೆತನದಿಂದ ದ್ವೀಪಗಳನ್ನು ಕೊಂಡಿತು. 1984ರ ಏಪ್ರಿಲ್ 6ರಂದು ವಿಶ್ವಸಂಸ್ಥೆಯವರ ಎದುರಿಗೇ ವೋಟು ನಡೆಯಿತು. ಹಾಳೆಯಲ್ಲಿ ಮೂರೂ ಖಾನೆ ಇದ್ದವು. ವಿಲೀನಕ್ಕೆ 229, ಸಹಯೋಗಕ್ಕೆ 21, ಸ್ವಾತಂತ್ರ್ಯಕ್ಕೆ 9. ಬಿಲ್ಲೆ ಹಿಡಿದು ದುಡಿದ ಜನಕ್ಕೆ ಆಸ್ಟ್ರೇಲಿಯಾದ ಸರಿಸಮ ಪ್ರಜೆ ಆಗೋದೇ ಬಿಡುಗಡೆ. ಅದನ್ನು ಯಾರಾದರೂ ಗುಲಾಮಗಿರಿ ಅಂದರೆ ನಾನು ಒಪ್ಪಲ್ಲ.

ಇದರ ಎದುರಿಗೆ ಹವಾಯಿಯ 1959ರ ಹಾಳೆ ಇಡಿ. ರಾಜ್ಯ ಆಗ್ತೀರಾ, ಹೌದು ಅಥವಾ ಇಲ್ಲ. ಅಷ್ಟೇ. ಸ್ವತಂತ್ರ ಆಗ್ತೀವಿ ಅನ್ನೋಕೆ ಜಾಗವೇ ಇರಲಿಲ್ಲ. ಹೌದು ಅಂದವರೇ ಬಹಳ, ಅದೇ ವರ್ಷ ವಿಶ್ವಸಂಸ್ಥೆಯ ಪಟ್ಟಿಯಿಂದ ಹೆಸರೂ ಹೋಯಿತು. ಆದರೆ ಹವಾಯಿಯ ಮೂಲ ಜನರಲ್ಲಿ ಅದರ ನೋವು ಇವತ್ತಿಗೂ ಮಾತಾಗಿ ಉಳಿದಿದೆ.

ಮಯೋಟ್ ತಾನಾಗಿ ಫ್ರಾನ್ಸ್ ಜೊತೆ ಉಳಿಯಿತು. ಪಕ್ಕದ ಕೊಮೊರೋಸ್ ದ್ವೀಪಗಳು 1975ರಲ್ಲಿ ಸ್ವತಂತ್ರ ಆದವು, ಇವರು ಆಗಲಿಲ್ಲ. 2009ರ ಜನಮತದ ನಂತರ 2011ರಲ್ಲಿ ಫ್ರಾನ್ಸಿನ ಪೂರ್ತಿ ಜಿಲ್ಲೆ ಆಯಿತು. ಆದರೂ ಫ್ರಾನ್ಸಿನ ಅತಿ ಬಡ ಜಿಲ್ಲೆ ಅದೇ. 2024ರ ಡಿಸೆಂಬರ್‌ನಲ್ಲಿ ಚಿಡೊ ಚಂಡಮಾರುತ ಬಂದಾಗ ತಗಡಿನ ಗುಡಿಸಲುಗಳ ಬಡಾವಣೆಗಳೇ ನೆಲಸಮವಾದವು. ಉತಾರದಲ್ಲಿ ಹೆಸರು ಸೇರಿದ ಕೂಡಲೇ ಬಾವಿಯ ನೀರು ಎಲ್ಲರಿಗೂ ಸಮ ಬರುವುದಿಲ್ಲ.

ಇದ್ದ ಹಾಗೇ ಇರೋದು

ಇದನ್ನೂ ಒಂದು ಆಯ್ಕೆ ಅಂತಲೇ ನೋಡಬೇಕು. ಬ್ರಿಟನ್ ಕೈಕೆಳಗಿನ ಬರ್ಮುಡಾದಲ್ಲಿ 1995ರ ಆಗಸ್ಟ್‌ನಲ್ಲಿ, ಚಂಡಮಾರುತದಿಂದ ಒಂದು ದಿನ ಮುಂದಕ್ಕೆ ಹೋದ ಮತದಾನದಲ್ಲಿ, ನಾಲ್ವರಲ್ಲಿ ಹೆಚ್ಚೂ ಕಡಿಮೆ ಮೂವರು ಸ್ವಾತಂತ್ರ್ಯ ಬೇಡ ಅಂದರು. ಫಾಕ್‌ಲ್ಯಾಂಡ್‌ನಲ್ಲಿ 2013ರಲ್ಲಿ ಬ್ರಿಟನ್ ಜೊತೆ ಇರ್ತೀವಿ ಅಂದವರು 1,513, ಬೇಡ ಅಂದವರು ಮೂವರು. ಅರ್ಜೆಂಟೀನಾ ಆ ಮತದಾನವನ್ನೇ ಒಪ್ಪಲ್ಲ, ದ್ವೀಪ ನಮ್ಮದು ಅನ್ನುತ್ತದೆ.

ಆಂಗ್ವಿಲ್ಲಾದವರದ್ದು ಇನ್ನೂ ಬೇರೆ. ಬ್ರಿಟನ್ ಅವರನ್ನು ಸೇಂಟ್ ಕಿಟ್ಸ್ ಜೊತೆ ಕಟ್ಟಿ ಹಾಕಿತ್ತು. 1967ರಲ್ಲಿ ಅವರು ಅಲ್ಲಿನ ಪೊಲೀಸರನ್ನು ದ್ವೀಪದಿಂದ ಹೊರಗೆ ಕಳಿಸಿ, ಪರವಾಗಿ 1,813, ವಿರುದ್ಧ 5 ವೋಟು ಬಿದ್ದು ಬೇರೆಯಾದರು. 1969ರಲ್ಲಿ ಬ್ರಿಟಿಷ್ ಸೈನ್ಯ ಬಂದಿಳಿಯಿತು. ಕೊನೆಗೆ 1980ರಲ್ಲಿ ನೇರ ಬ್ರಿಟನ್ ಕೆಳಗಿನ ಪ್ರತ್ಯೇಕ ಪ್ರದೇಶ ಆದರು. ಪಕ್ಕದ ದ್ವೀಪದ ಯಜಮಾನಿಕೆಗಿಂತ ದೂರದ ಲಂಡನ್ ಲೇಸು ಅನ್ನಿಸಿತ್ತು ಅವರಿಗೆ. ನಮ್ಮ ಕಡೆ ಹೊಲದ ಬಾಂದಿನ ಜಗಳ ಕಂಡವರಿಗೆ ಇದು ಅರ್ಥ ಆಗುತ್ತದೆ, ಅಲ್ವಾ?

ಈ ಖಾನೆಯ ಅಪಾಯ ತಿಳಿಯಬೇಕಾದರೆ ಟರ್ಕ್ಸ್ ಮತ್ತು ಕೈಕೋಸ್ ನೋಡಿ. ಭ್ರಷ್ಟಾಚಾರದ ವಿಚಾರಣೆ ಆದ ಮೇಲೆ 2009ರ ಆಗಸ್ಟ್‌ನಲ್ಲಿ ಬ್ರಿಟನ್ ಅಲ್ಲಿನ ಚುನಾಯಿತ ಸರ್ಕಾರ, ಶಾಸನಸಭೆ ಎರಡನ್ನೂ ಅಮಾನತು ಮಾಡಿತು. ಮೂರು ವರ್ಷ ಗವರ್ನರ್ ಒಬ್ಬರೇ ಆಳಿದರು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ, ಬೇಡ ಅನ್ನಲ್ಲ. ಆದರೆ ಗೇಟು ಇಷ್ಟು ಪೂರ್ತಿಯಾಗಿ ಇನ್ನೊಬ್ಬರ ಕೈಯಲ್ಲಿದೆ ಅನ್ನೋದು ಆ ದಿನ ಗೊತ್ತಾಯಿತು.

ಪಟ್ಟಿಯಲ್ಲಿ ಯಾರ ಹೆಸರು

ಹಾಳೆ ಎಷ್ಟೇ ಚೆನ್ನಾಗಿರಲಿ, ವೋಟು ಯಾರಿಗೆ ಅನ್ನೋದು ಬಗೆಹರಿಯದಿದ್ದರೆ ಎಲ್ಲ ನಿಲ್ಲುತ್ತದೆ. ಫ್ರಾನ್ಸ್ ಕೈಕೆಳಗಿನ ನ್ಯೂ ಕಲೆಡೋನಿಯಾದಲ್ಲಿ ಮೂಲ ಕನಾಕ್ ಜನ ಈಗ ಅರ್ಧಕ್ಕಿಂತ ಕಡಿಮೆ. 1998ರ ನೂಮಿಯಾ ಒಪ್ಪಂದದಂತೆ ಮೂರು ಜನಮತ ನಡೆದವು. 2018ರಲ್ಲಿ 56.7 ಪ್ರತಿಶತ, 2020ರಲ್ಲಿ 53.3 ಪ್ರತಿಶತ ಜನ ಸ್ವಾತಂತ್ರ್ಯ ಬೇಡ ಅಂದರು. ಅಂತರ ಇಳಿಯುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಮೂರನೆಯದು. ಕೋವಿಡ್ ಸಾವುಗಳ ಶೋಕದಲ್ಲಿದ್ದೇವೆ, ಮುಂದೂಡಿ ಅಂತ ಕನಾಕ್ ಮುಖಂಡರು ಕೇಳಿದರು. ಮುಂದೂಡಲಿಲ್ಲ. ಅವರು ಮತಗಟ್ಟೆಗೆ ಹೋಗಲಿಲ್ಲ. ಬೇಡ ಅನ್ನುವುದಕ್ಕೆ 96.5 ಪ್ರತಿಶತ ಬಂತು, ಆದರೆ ಮತದಾನ ಆದದ್ದು 43.9 ಪ್ರತಿಶತ. ಸೂತಕದ ಮನೆಯವರನ್ನು ಬಿಟ್ಟು ಪಂಚಾಯ್ತಿ ಮಾಡಿದರೆ ಆ ತೀರ್ಪನ್ನು ಊರು ಒಪ್ಪುತ್ತದಾ? 2024ರ ಮೇನಲ್ಲಿ ಮತದಾರರ ಪಟ್ಟಿಗೆ ಹೊಸಬರನ್ನು ಸೇರಿಸುವ ಪ್ರಯತ್ನ ನಡೆದಾಗ ಬೆಂಕಿ ಹೊತ್ತಿತು, ಜೀವಗಳು ಹೋದವು.

ಗುವಾಮ್‌ನದು ಉಲ್ಟಾ ಕಥೆ. ಸ್ಪೇನ್‌ನಿಂದ 1898ರಲ್ಲಿ ಅಮೆರಿಕದ ಕೈಗೆ ಬಂದ ದ್ವೀಪ. ಜನ 1950ರಿಂದ ಅಮೆರಿಕದ ಪ್ರಜೆಗಳು, ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ವೋಟಿಲ್ಲ. ಕಾಲು ಭಾಗಕ್ಕಿಂತ ಜಾಸ್ತಿ ನೆಲ ಸೈನ್ಯದ ಬಳಿ. ರಾಜ್ಯ, ಸ್ವಾತಂತ್ರ್ಯ, ಸಹಯೋಗ ಅಂತ ಮೂರು ಖಾನೆಯ ಹಾಳೆ ಸಿದ್ಧ ಮಾಡಿ, ದ್ವೀಪದ ಮೂಲ ನಿವಾಸಿಗಳಿಗೆ ಮಾತ್ರ ವೋಟು ಅಂದರು. ಒಬ್ಬ ನಿವಾಸಿ ಕೋರ್ಟಿಗೆ ಹೋದರು. ಹೀಗೆ ಬೇರ್ಪಡಿಸೋದು ಅಮೆರಿಕದ ಸಂವಿಧಾನಕ್ಕೆ ವಿರುದ್ಧ ಅಂತ 2017ರಲ್ಲಿ ತೀರ್ಪು ಬಂತು, 2019ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಯಾರ ಸ್ವಾಧೀನದಿಂದ ಹೊರಗೆ ಹೋಗಬೇಕೋ ಇಲ್ಲವೋ ಅಂತ ಕೇಳಬೇಕಿತ್ತೋ, ಅವರ ಕಾನೂನೇ ಪ್ರಶ್ನೆಯನ್ನು ತಡೆಯಿತು.

ಹಾಗಾದರೆ ಯಾರಿಗೆ ಯಾವುದು

ಎರಡು ಸಾವಿರದೊಳಗಿನ ಜನ, ವಿಮಾನ ಇಲ್ಲದ ದ್ವೀಪ, ಮಕ್ಕಳೆಲ್ಲ ದೊಡ್ಡ ದೇಶದಲ್ಲಿ. ಇಂಥವರಿಗೆ ನಾನು ಸಹಯೋಗ ಅನ್ನುತ್ತೇನೆ. ಷರತ್ತು ಎರಡು. ಪಾಸ್‌ಪೋರ್ಟ್ ಉಳಿಯುತ್ತದೆ ಅನ್ನೋದು ಕರಡಿನಲ್ಲಲ್ಲ, ಪಕ್ಕಾ ಕಾಗದದಲ್ಲಿರಬೇಕು. ವರ್ಷ ವರ್ಷದ ನೆರವು ದೊಡ್ಡ ಮನೆಯ ಸಿಟ್ಟಿನ ಮೇಲೆ ನಿಲ್ಲಬಾರದು, ಸ್ವಂತ ನಿಧಿಯ ಬಡ್ಡಿಯಿಂದ ಒಂದಿಷ್ಟಾದರೂ ಬರಬೇಕು.

ಸಮುದ್ರದಲ್ಲಿ ಮೀನಿದೆ, ಹತ್ತು ಸಾವಿರ ಜನ ಇದ್ದಾರೆ, ಹಳೇ ಅನ್ಯಾಯಕ್ಕೆ ಲೆಕ್ಕ ಕೇಳಬೇಕಾಗಿದೆ ಅಂದರೆ ಸ್ವಾತಂತ್ರ್ಯ. ನೌರು ಕೋರ್ಟಿಗೆ ಹೋದದ್ದು ಹಾಗೆಯೇ. ಹಣ ಇಡುವ ಜಾಗವನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಿ. ಒಬ್ಬ ಧಣಿಯ ಕೆಳಗೆ ನಲುಗಿದ ಸಣ್ಣ ಸಮುದಾಯಕ್ಕೆ ವಿಲೀನ ಒಳ್ಳೆಯದು, ಹಾಳೆಯಲ್ಲಿ ಉಳಿದ ಖಾನೆಗಳೂ ಇದ್ದರೆ ಮಾತ್ರ. ಇದ್ದ ಹಾಗೇ ಇರ್ತೀವಿ ಅನ್ನುವವರು ಆ ವೋಟನ್ನು ಇಪ್ಪತ್ತು ವರ್ಷಕ್ಕೊಮ್ಮೆಯಾದರೂ ಮತ್ತೆ ಕೇಳಿಸಿಕೊಳ್ಳಬೇಕು ಅಂತ ನನ್ನ ಅನಿಸಿಕೆ. 1995ರಲ್ಲಿ ಬೇಡ ಅಂದ ಬರ್ಮುಡಾದ ಅಪ್ಪನ ಮಾತು ಮಗಳನ್ನು ಕಟ್ಟಿಹಾಕಬಾರದು.

ಈ ಹೋಲಿಕೆ ಯಾವುದೂ ಕೆಲಸಕ್ಕೆ ಬಾರದ ಒಂದು ಜಾಗ ಇದೆ, ಮುಂದಿನ ವಾರದ ಪಾಠ ಅದೇ. ಚಾಗೋಸ್. ನಮ್ಮದೇ ಹಿಂದೂ ಮಹಾಸಾಗರ. ವಿಶ್ವಸಂಸ್ಥೆಯ 17ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಜಾಗ ಬೇಕು ಅಂತ ಬ್ರಿಟನ್ 1968ರಿಂದ 1973ರ ನಡುವೆ ಅಲ್ಲಿನ ಜನರನ್ನು ಹಡಗು ಹತ್ತಿಸಿ ಮಾರಿಷಸ್‌ಗೆ, ಸೀಶೆಲ್ಸ್‌ಗೆ ಇಳಿಸಿತು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಅಲ್ಲಿಂದ ಆದಷ್ಟು ಬೇಗ ಹೊರಡಬೇಕು ಅಂತ ಅಭಿಪ್ರಾಯ ಕೊಟ್ಟಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು, ಡಿಯೆಗೊ ಗಾರ್ಸಿಯಾ 99 ವರ್ಷ ನೆಲೆಗೇ ಇರಲಿ ಅಂತ. ಸಹಿ ಎರಡು ಸರ್ಕಾರಗಳದು. ಮನೆ ಬಿಟ್ಟು ಬಂದ ಚಾಗೋಸ್ ಜನರ ಮುಂದೆ ಇಲ್ಲಿಯವರೆಗೆ ಯಾರೂ ಒಂದು ಹಾಳೆ ಇಟ್ಟು ವೋಟು ಕೇಳಿಲ್ಲ.